ಇಪ್ಪತ್ನಾಲ್ಕು ಮನೆಯ ಹಾಳೆ

ವೈಶಾಖದ ಬಿಸಿಲಿಗೆ ಸೇಡಂ ಪೇಟೆಯ ಜನ ಹನ್ನೊಂದಕ್ಕೆಲ್ಲ ನೆರಳು ಹಿಡಿಯುತ್ತಾರೆ. ತಹಸೀಲ್ ಕಚೇರಿ, ಕೋರ್ಟಿನ ಕಡೆಗೆ ನಡೆದರೆ ಝೆರಾಕ್ಸ್, ಪಹಣಿ, ಪಾನ್ ಕಾರ್ಡು, ಆನ್‌ಲೈನ್ ಅರ್ಜಿ, ಲಗ್ನಪತ್ರಿಕೆ ಎಲ್ಲವನ್ನೂ ಒಂದೇ ಫಲಕಕ್ಕೆ ತುಂಬಿಸಿಕೊಂಡ ಕಂಪ್ಯೂಟರ್ ಅಂಗಡಿಗಳ ಸಾಲು. ಅಂಥದೊಂದರೊಳಗೆ ಹೋಗಿ ಕೂತರೆ ಕಾಲಡಿಯ ಶಹಾಬಾದ್ ಫರಸಿ ಮಾತ್ರ ತಂಪು. ಮೇಲಿನ ಫ್ಯಾನು ಬಿಸಿಗಾಳಿಯನ್ನೇ ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತಿರುತ್ತದೆ. ಗೋಡೆಗೆ ಶರಣಬಸವೇಶ್ವರರ ಕ್ಯಾಲೆಂಡರು, ಅದರ ಪಕ್ಕ ‘ಉದ್ರಿ ಕೇಳಬೇಡಿ’ ಎಂಬ ಲ್ಯಾಮಿನೇಶನ್ ಮಾಡಿದ ಹಾಳೆ. ಕೌಂಟರಿನ ಮೇಲೆ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರು. ಈ ಸೀಮೆಯ ಡಿಟಿಪಿ ಅಂಗಡಿಗಳಲ್ಲಿ ಇದಿಲ್ಲದಿದ್ದರೆ ಇದರ ದಾಯಾದಿ ಎಚ್‌ಪಿ 1020 ಇರುತ್ತದೆ. ಎರಡಕ್ಕೂ 12ಎ ಕಾರ್ಟ್ರಿಜ್ಜೇ ಕೂರುವುದರಿಂದ ಒಂದು ಕೆಟ್ಟ ದಿನ ಇನ್ನೊಂದು ಅಂಗಡಿಯಿಂದ ಕಡ ತರಬಹುದು.

ಕಂಪ್ಯೂಟರಿನ ಮುಂದೆ ಕೂತವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಅವಳೆದುರು ಸ್ಟೂಲಿನ ಮೇಲೆ, ಕೆಂಪು ರಟ್ಟಿನ ವಹಿಯೊಂದನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಕೂತವರು ಶಹಾಬಾದಿನ ಬಾಯ್ಲರ್ ಕಾರ್ಖಾನೆಯಿಂದ ನಿವೃತ್ತರಾಗಿ ಇಲ್ಲಿ ಮನೆ ಮಾಡಿದ ಕಾಕಾ. ಮಗಳ ಲಗ್ನ. ಪತ್ರಿಕೆ ಮುದ್ರಣವಾಗಿ ಬಂದಿದೆ. ಬೀಗರು, ಅಣ್ಣತಮ್ಮಂದಿರು, ಓಣಿಯವರು ಇವರಿಗೆಲ್ಲ ಪತ್ರಿಕೆಯ ಮೂಲೆಗೆ ಅರಿಶಿಣ ಕುಂಕುಮ ಹಚ್ಚಿ, ಮನೆಗೇ ಹೋಗಿ, ಚಹಾ ಕುಡಿದು ಕೊಡಬೇಕು. ಅದರಲ್ಲಿ ರಾಜಿಯಿಲ್ಲ. ಆದರೆ ಪುಣೆ, ಸೊಲ್ಲಾಪುರ, ಹೈದರಾಬಾದಿನಲ್ಲಿ ಇರುವವರು, ಜತೆಗೆ ಕೆಲಸ ಮಾಡಿ ಚದುರಿಹೋದವರು, ಹತ್ತಿರದ ತಾಲೂಕುಗಳ ದೂರದ ಬಳಗ, ಎಲ್ಲ ಸೇರಿ ಇನ್ನೂರರ ಮೇಲಾಗುತ್ತದೆ. ಅವರಿಗೆ ಟಪಾಲೇ ಗತಿ. ಅಷ್ಟು ಪತ್ತಾ ಕೈಯಲ್ಲಿ ಬರೆಯುವುದಕ್ಕೆ ಕಾಕಾನ ಬೆರಳು ಒಪ್ಪುವುದಿಲ್ಲ, ಮಗನಿಗೆ ಪುರುಸೊತ್ತಿಲ್ಲ.

‘ಸ್ಟಿಕರ್ ಹೊಡೆದ್ರ ಮಂದಿ ಏನ್ ಅಂದಾರೋ. ಕಂಪನಿ ಕಾಗದ ಬಂದಂಗ ಅನಸ್ತದ’ ಎಂದು ಕಾಕಾ ಇನ್ನೂ ಅನುಮಾನಿಸುತ್ತಲೇ ಇದ್ದಾರೆ.

‘ಹಂಗೇನಿಲ್ರಿ ಕಾಕಾ. ಮ್ಯಾಲ ಕೆಂಪು ಅಕ್ಷರದಾಗ ‘ಶ್ರೀ’ ಹಾಕಿ ಕೊಡ್ತೀನಿ.’

‘ಕೆಂಪು ಬರ್ತದೇನವ್ವ ಇದ್ರಾಗ?’

ಬರುವುದಿಲ್ಲ. ಎಲ್‌ಬಿಪಿ 2900 ಕಪ್ಪು ಬಿಟ್ಟು ಇನ್ನೊಂದು ಬಣ್ಣ ಕಂಡಿಲ್ಲ. ಹುಡುಗಿ ನಾಲಿಗೆ ಕಚ್ಚಿಕೊಂಡು, ‘ದಪ್ಪ ಅಕ್ಷರದಾಗ ಹಾಕ್ತೀನಿ’ ಎಂದು ತಿದ್ದಿಕೊಂಡಳು.

ಕಪಾಟಿನಿಂದ ಸ್ಟಿಕರ್ ಹಾಳೆಗಳ ಪಾಕೀಟು ಇಳಿಯಿತು. ಎ4 ಅಳತೆಯ ಹಾಳೆ, ಅಡ್ಡಕ್ಕೆ ಮೂರು, ಉದ್ದಕ್ಕೆ ಎಂಟು, ಒಟ್ಟು 24 ಮನೆ. ಒಂದೊಂದು ಮನೆ 64 ಮಿಲಿಮೀಟರ್ ಅಗಲ, 34 ಮಿಲಿಮೀಟರ್ ಎತ್ತರ. ಮೇಲೆ ಕಾಗದ, ನಡುವೆ ಗೋಂದು, ಅಡಿಗೆ ಗೋಂದು ಹಿಡಿಯದ ನುಣುಪಿನ ಹಾಳೆ. ಆರ್. ಸ್ಟಾಂಟನ್ ಏವರಿ ಎಂಬಾತ 1935ರಲ್ಲಿ ಲಾಸ್ ಏಂಜಲೀಸಿನಲ್ಲಿ ಶುರು ಮಾಡಿದ ಈ ಅಂಟುಚೀಟಿಯ ವ್ಯಾಪಾರ ಸೇಡಮ್ಮಿನ ಕಪಾಟಿನವರೆಗೂ ಬಂದಿದೆ. ಅಂಗಡಿಯವರು ಇದನ್ನು ‘24ರದ್ದು’ ಎನ್ನುತ್ತಾರೆ. ‘16ರದ್ದು’ ಅಗಲ ಹೆಚ್ಚು, ವಕೀಲರಿಗೆ ಅದು. ಇನ್ನೂ ಅಗ್ಗದ ದಾರಿಯೊಂದಿದೆ. ಮನೆಗಳಿಲ್ಲದ ಅಖಂಡ ಸ್ಟಿಕರ್ ಹಾಳೆಯ ಮೇಲೆ ಟೇಬಲ್ ಹಾಕಿ ಮುದ್ರಿಸಿ, ಗೆರೆ ನೋಡಿ ಕತ್ತರಿಯಲ್ಲಿ ಕತ್ತರಿಸುವುದು. ಸಂಘ ಸಂಸ್ಥೆಗಳವರು ಆ ದಾರಿ ಹಿಡಿಯುತ್ತಾರೆ, ಕತ್ತರಿಸಲು ಅವರಲ್ಲಿ ಸಿಪಾಯಿ ಇರುತ್ತಾನೆ.

ಹೊರಗಿನಿಂದ ನೋಡಿದವರಿಗೆ ಲೇಬಲ್ ಮಾಡುವುದೆಂದರೆ ಗುಂಡಿ ಒತ್ತಿ ಹಾಳೆ ತೆಗೆಯುವುದು. ಕೆಲಸ ಇರುವುದು ಅಲ್ಲಿಲ್ಲ, ವಹಿಯಲ್ಲಿ. ಹುಡುಗಿ ಮೊದಲು ವರ್ಡ್ ತೆರೆಯಲೇ ಇಲ್ಲ. ಎಕ್ಸೆಲ್ ತೆರೆದು ಮೊದಲ ಸಾಲಿನಲ್ಲಿ ಐದು ತಲೆಬರಹ ಬರೆದಳು: ಹೆಸರು, ಮನೆ, ಊರು, ತಾಲೂಕು-ಜಿಲ್ಲೆ, ಪಿನ್. ‘ಈಗ ಹೇಳ್ರಿ’ ಅಂದಳು. ಕಾಕಾ ಕನ್ನಡಕ ಏರಿಸಿ ಓದತೊಡಗಿದರು. ಆಗ ಶುರುವಾಯಿತು ನೋಡಿ.

‘ನಮ್ಮ ದೊಡ್ಡ ಮಾವನವ್ರು. ವಾಡ್ಯಾಗ ಇರ್ತಾರ. ಸ್ಟೇಶನ್ ಇಳಿದು ಎಡಕ್ಕ ಹೊಂಟ್ರ...’

‘ಕಾಕಾ, ಹೆಸರು ಮೊದಲ.’

‘ಹೇಳ್ಲತ್ತೀನಲ್ಲ. ಎಡಕ್ಕ ಹೊಂಟ್ರ ಹನುಮಪ್ಪನ ಗುಡಿ ಅದ. ಅದರ ಹಿಂದ ರೈಲ್ವೆ ಕ್ವಾರ್ಟರ್ಸ್. ಈಗ ಅಲ್ಲಿಲ್ಲ ಅವರು, ರಿಟೈರ್ ಆಗ್ಯಾರ. ಆದ್ರ ಅಲ್ಲಿ ಕೊಟ್ರ ಮುಟ್ಟಸ್ತಾರ.’

ಐದು ಕಂಬಗಳಲ್ಲಿ ಇದನ್ನು ಎಲ್ಲಿ ಕೂರಿಸುವುದು? ಈ ಕಡೆ ಪತ್ತಾ ಎಂದರೆ ಕೇಳುವವನ ಕೈ ಹಿಡಿದು ಮನೆಯತನಕ ಕರೆದೊಯ್ಯುವ ಮಾತು. ದಾರಿಯಲ್ಲಿ ಯಾರ ಹೊಲ, ಯಾರ ಗುಡಿ, ಯಾರ ತಂಟೆ ಎಲ್ಲ ಬಂದುಹೋಗಬೇಕು. ಹುಡುಗಿ ಕೇಳುತ್ತ ಹೋಗುತ್ತಾಳೆ, ಬೆರಳು ಮಾತ್ರ ಬೇಕಾದ್ದನ್ನು ಹೆಕ್ಕುತ್ತದೆ. ‘ಹನುಮಾನ ಮಂದಿರದ ಹಿಂದೆ’ ಎಂದು ಎರಡನೇ ಮನೆಗೆ, ‘ವಾಡಿ’ ಎಂದು ಮೂರನೆಯದಕ್ಕೆ. ಪಿನ್ ಕೇಳುವುದಿಲ್ಲ, ಅವಳಿಗೆ ಬಾಯಿಪಾಠ. ಸೇಡಂ 585222, ಚಿತ್ತಾಪುರ 585211, ವಾಡಿ 585225, ಶಹಾಬಾದ್ 585228, ಚಿಂಚೋಳಿ 585307.

ವಹಿಯ ಹಾಳೆ ತಿರುವಿದಂತೆ ಈ ಐದೂ ಊರು ಬೇರೆ ಬೇರೆ ಮುಖದಲ್ಲಿ ಮೇಲೆ ಬರುತ್ತವೆ.

ವಾಡಿಯ ಪತ್ತಾಗಳು ಚಿಕ್ಕವು. ನಿಜಾಮರ ರೈಲು 1874ರಲ್ಲಿ ಇಲ್ಲಿಂದ ಸಿಕಂದರಾಬಾದಿಗೆ ಹಳಿ ಹಿಡಿದ ಮೇಲೆ ಜಂಕ್ಷನ್ನಾಗಿ ಬೆಳೆದ ಊರು. ಮುಂಬೈ, ಚೆನ್ನೈ, ಹೈದರಾಬಾದ್ ಮೂರು ದಿಕ್ಕಿನ ಗಾಡಿಗಳೂ ಇಲ್ಲಿ ಕೂಡುತ್ತವೆ. ಎಸಿಸಿಯ ಸಿಮೆಂಟ್ ಕಾರ್ಖಾನೆ ಬಂದದ್ದು 1968ರಲ್ಲಿ. ಹಾಗಾಗಿ ಅಲ್ಲಿ ಒಂದೋ ರೈಲ್ವೆ ಕ್ವಾರ್ಟರು, ಇಲ್ಲವೇ ಎಸಿಸಿ ಕಾಲೊನಿ. ಅಕ್ಷರ, ಅಂಕಿ, ಮುಗಿಯಿತು. ಹೆಸರುಗಳು ಮಾತ್ರ ಮರಾಠಿ, ತೆಲುಗು, ಉರ್ದು, ಕನ್ನಡ ಎಲ್ಲ ಕಲೆತವು. ಕಂಪನಿ 2022ರಲ್ಲಿ ಅದಾನಿಯವರ ಕೈಗೆ ಹೋದರೂ ಕಾಲೊನಿಗೆ ಜನ ಹೊಸ ಹೆಸರಿಟ್ಟಿಲ್ಲ, ಅಂಚೆಯವನಿಗೂ ಅದು ಬೇಕಾಗಿಲ್ಲ.

ಶಹಾಬಾದಿನವು ಕಾಕಾನ ಹೃದಯಕ್ಕೆ ಹತ್ತಿರದವು, ಓದುವಾಗ ದನಿ ಬದಲಾಗುತ್ತದೆ. ಬಾಯ್ಲರ್ ಕಾರ್ಖಾನೆ ಎಸಿಸಿ-ಬ್ಯಾಬ್‌ಕಾಕ್, ಅಂದರೆ ಎಬಿಎಲ್, ಆಗಿತ್ತು, ಎಬಿಬಿ ಆಯಿತು, ಆಲ್‌ಸ್ಟಾಮ್ ಆಯಿತು, ಜಿಇ ಆಯಿತು. ವಹಿಯಲ್ಲಿ ಒಬ್ಬೊಬ್ಬ ಗೆಳೆಯನ ಪತ್ತಾ ಒಂದೊಂದು ಹೆಸರಿನಡಿ ಇದೆ. ‘ಎಬಿಎಲ್ ಕಾಲೊನಿ’ ಎಂದಿದ್ದರೆ ಬಹಳ ಹಳೆಯ ದೋಸ್ತಿ, ‘ಆಲ್‌ಸ್ಟಾಮ್’ ಎಂದಿದ್ದರೆ ಈಚಿನದು. ಪಟ್ಟಿಯನ್ನು ತಾರೀಖಿಲ್ಲದೆಯೇ ಕಾಲಕ್ರಮದಲ್ಲಿ ಜೋಡಿಸಬಹುದು. ಸೇಡಮ್ಮಿನಲ್ಲೂ ಈಗ ಅದೇ ಕತೆ. ಕೇಸೋರಾಂ ಕಂಪನಿಯ ವಾಸವದತ್ತ ಸಿಮೆಂಟ್ 2025ರಲ್ಲಿ ಅಲ್ಟ್ರಾಟೆಕ್ಕಿಗೆ ಸೇರಿದೆ, ಜನರ ಬಾಯಲ್ಲಿ, ಲಕೋಟೆಯ ಮೇಲೆ ವಾಸವದತ್ತಳೇ ಇದ್ದಾಳೆ.

ಶಹಾಬಾದಿಗೆ ಇನ್ನೊಂದು ತೊಡಕು. ಅದು ಚಿತ್ತಾಪುರ ತಾಲೂಕಿನಲ್ಲಿತ್ತು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳ ಗುಂಪಿನಲ್ಲಿ ಶಹಾಬಾದೂ ಇತ್ತು, ಕಾಳಗಿಯೂ ಇತ್ತು. ವಹಿಯಲ್ಲಿ ‘ತಾ॥ ಚಿತ್ತಾಪುರ’ ಎಂದಿರುವ ಎಷ್ಟೋ ಊರು ಈಗ ಚಿತ್ತಾಪುರದಲ್ಲಿಲ್ಲ. ಹುಡುಗಿ ಒಂದೊಂದಕ್ಕೂ ನಿಂತು ಕೇಳಿದಳು. ಕಾಕಾಗೆ ಅದು ಕಿರಿಕಿರಿ. ‘ಪೋಸ್ಟಿನವಗ ಗೊತ್ತಿರ್ತದ ಬಿಡವ್ವ.’ ಅವರ ಮಾತು ಅಷ್ಟು ತಪ್ಪಲ್ಲ. ಟಪಾಲು ತಾಲೂಕು ನೋಡಿ ಹೋಗುವುದಿಲ್ಲ, ಪಿನ್ ನೋಡಿ ಹೋಗುತ್ತದೆ.

ಪಿನ್ ನೋಡಿಯೇ ಹೋಗುವುದರಿಂದ ಅಲ್ಲೇ ಅಪಾಯವೂ ಇದೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯಲ್ಲಿ ಮೊದಲ 5 ನಮ್ಮ ದಕ್ಷಿಣದ ವಲಯ. 56ರಿಂದ 59ರತನಕ ಕರ್ನಾಟಕ. 585 ಎಂದರೆ ಕಲಬುರಗಿ, ಬೀದರ, ಯಾದಗಿರಿ ಸೀಮೆ. ಕೊನೆಯ ಮೂರು ಅಂಕಿ ನಿಮ್ಮ ಅಂಚೆ ಕಚೇರಿ. ಸೇಡಂ 585222 ಆದರೆ 585223 ಯಾದಗಿರಿ ಜಿಲ್ಲೆಯ ಶಹಾಪುರ, 585224 ಸುರಪುರ, 585225 ವಾಡಿ. ಒಂದು ಅಂಕಿ ತಪ್ಪಿ ಒತ್ತಿದರೆ ಪತ್ರ ಭೀಮಾ ನದಿ ದಾಟಿ ಹೋಗಿ ಬರಬೇಕು. ಶಹಾಪುರ, ಶಹಾಬಾದ್ ಎಂಬ ಹೆಸರಿನ ಗೊಂದಲ ಬೇರೆ. ವಾಡಿ ಎಂಬ ಊರು ಮಹಾರಾಷ್ಟ್ರದಲ್ಲಿ ಎಷ್ಟಿವೆಯೋ! ಈ ಸೀಮೆಯ ಲೇಬಲಿನಲ್ಲಿ ಒಂದೇ ಒಂದು ಸಾಲು ಸರಿಯಿರಬೇಕೆಂದರೆ ನಾನು ಕೊನೆಯ ಸಾಲನ್ನು ಆರಿಸುತ್ತೇನೆ. ಕಾಕಾ ಮೊದಲ ಸಾಲನ್ನು ಆರಿಸುತ್ತಾರೆ. ‘ಶ್ರೀ’ ಬಿಟ್ಟು ಹೋದರೆ, ‘ಸಹಕುಟುಂಬ ಪರಿವಾರಕ್ಕೆ’ ಎಂದು ಹಾಕದಿದ್ದರೆ, ಮುಂದಿನ ಹತ್ತು ಲಗ್ನಗಳಲ್ಲಿ ಆ ಮಾತು ಎದ್ದುಬರುತ್ತದೆ.

ಚಿಂಚೋಳಿಯ ಸರದಿ ಬಂದಾಗ ಪತ್ತಾಗಳು ಉದ್ದವಾದವು. ಈ ಐದರಲ್ಲಿ ರೈಲಿಲ್ಲದ ಊರು ಇದೊಂದೇ. ಕೊಂಚಾವರಂ ಕಾಡಿನ ಕಡೆಗೆ ಹೋದಂತೆ ತೆಲುಗು ಕಿವಿಗೆ ಬೀಳುತ್ತದೆ, ಊರಿಗಿಂತ ತಾಂಡಾಗಳು ಹೆಚ್ಚು ಸಿಗುತ್ತವೆ. ತಾಂಡಾದ ಪತ್ತಾ ಎಂದರೆ ತಾಂಡಾದ ಹೆಸರು, ಅದು ಅಂಟಿಕೊಂಡಿರುವ ಊರಿನ ಹೆಸರು, ಆ ಊರಿಗೆ ಟಪಾಲು ಬರುವ ಇನ್ನೊಂದು ಊರಿನ ಹೆಸರು. ತಾಂಡಾ ಎಂಬುದು ಕಂದಾಯದ ಕಾಗದದಲ್ಲಿ ಊರೇ ಆಗಿರಲಿಲ್ಲ. 2023ರ ಜನವರಿ 19ರಂದು ಇದೇ ಸೇಡಂ ತಾಲೂಕಿನ ಮಳಖೇಡದಲ್ಲಿ, ಹೊಸದಾಗಿ ಕಂದಾಯ ಗ್ರಾಮಗಳಾದ ಇಂಥ ನೆಲೆಗಳ ಸುಮಾರು 50,000 ಫಲಾನುಭವಿಗಳಿಗೆ ಹಕ್ಕುಪತ್ರ ಕೊಡುವ ಸಮಾರಂಭಕ್ಕೆ ಪ್ರಧಾನಿ ಬಂದಿದ್ದರು. ಸ್ವಂತ ಹೆಸರಿನಲ್ಲಿ ಮನೆ, ಸ್ವಂತ ಹೆಸರಿನಲ್ಲಿ ಊರು. ಕಾಕಾನ ವಹಿಗೆ ಅದಿನ್ನೂ ತಲುಪಿಲ್ಲ. ಹುಡುಗಿ ‘ಮು॥ ಪೋ॥’ ಎಂದು ಒತ್ತಿ, ಮೂರು ಹೆಸರನ್ನೂ ಒಂದೇ ಸಾಲಿನಲ್ಲಿ ತುರುಕಿದಳು.

ಅಷ್ಟರಲ್ಲಿ ಪೆನ್ ಡ್ರೈವ್ ಹಿಡಿದು ಬಂದವರು ಚಿಂಚೋಳಿ ಕಡೆಯ ಸಹಕಾರ ಸಂಘವೊಂದರ ಕಾರ್ಯದರ್ಶಿ. ಕೋರ್ಟಿಗೆ ಬಂದಿದ್ದರಂತೆ. ಬಾಕಿದಾರರಿಗೆ ನೋಟೀಸು ಕಳಿಸಬೇಕು, ಅದಕ್ಕೂ ಲೇಬಲ್ಲೇ ಬೇಕು. ‘ನಮ್ದು ಎಲ್ಲಾ ರೆಡಿ ಅದ. ಪ್ರಿಂಟ್ ಒತ್ತಿದ್ರ ಮುಗೀತು. ಐದೇ ನಿಮಿಷದ ಕೆಲಸ’ ಎಂದು ನಿಂತೇ ಇದ್ದರು. ಡಿಟಿಪಿ ಅಂಗಡಿಯಲ್ಲಿ ‘ಐದೇ ನಿಮಿಷದ ಕೆಲಸ’ ಎಂದು ಬಂದವರಿಗೆ ಮೊದಲು ಕುರ್ಚಿ ಕೊಡಬೇಕು.

ಪೆನ್ ಡ್ರೈವ್ ತೆರೆದರೆ ಅಚ್ಚುಕಟ್ಟಾದ ಎಕ್ಸೆಲ್ ಪಟ್ಟಿ, ಕನ್ನಡದಲ್ಲೇ ಇದೆ. ಅದನ್ನು ವರ್ಡಿನ ಮೇಲ್ ಮರ್ಜಿಗೆ ಜೋಡಿಸಿದ ಕೂಡಲೇ ಕನ್ನಡ ಮಾಯ. ‘ಶ್ರೀ’ ಇರಬೇಕಾದಲ್ಲಿ ಮೇಲಕ್ಕೇರಿ ಕೂತ ಪುಟ್ಟ 2, ಒಂದಕ್ಕೊಂದು ಬೆನ್ನು ಹಚ್ಚಿದ ಇಂಗ್ಲಿಷಿನ ಎ ಮತ್ತು ಇ, ತಲೆಯ ಮೇಲೆ ಅಲೆ ಹೊತ್ತ ಇನ್ನೊಂದು ಎ. ಕಾರ್ಯದರ್ಶಿ ಗಾಬರಿಯಾದರು. ‘ವೈರಸ್ ಹೊಕ್ಕದೇನ್ರಿ?’

ವೈರಸ್ಸಲ್ಲ, ನುಡಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ನಾಡಿನ ಕಚೇರಿಗಳೆಲ್ಲ ಟೈಪು ಕಲಿತವು. ಆ ಕಾಲದ ನುಡಿ ಅಕ್ಷರಗಳು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಹಾಗೂ ಯುರೋಪಿನ ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದಿಟ್ಟ ಫಾಂಟು ಅದು. ಫಾಂಟು ಮೈಮೇಲಿರುವತನಕ ಕನ್ನಡ, ಕಳಚಿದರೆ ಒಳಗಿನ ಚಿಹ್ನೆ ಹೊರಗೆ. ಮೇಲ್ ಮರ್ಜ್ ಎಕ್ಸೆಲ್ಲಿನಿಂದ ಅಕ್ಷರ ತರುತ್ತದೆ, ಫಾಂಟು ತರುವುದಿಲ್ಲ. ಶ್ರೀಲಿಪಿಯಲ್ಲಿ ಟೈಪಾದ ಪಟ್ಟಿಗೂ, ಬರಹದ ಹಳೆಯ ಫಾಂಟುಗಳಿಗೂ ಇದೇ ಗತಿ. ಶ್ರೀಲಿಪಿಯ ಗುಟ್ಟು ನುಡಿಗೆ ತಿಳಿಯದು.

ಹುಡುಗಿಗೆ ಮೊದಲ ಮದ್ದು ಗೊತ್ತು. ವರ್ಡಿನಲ್ಲಿ ಆ ಫೀಲ್ಡನ್ನು ಆಯ್ದು ‘ನುಡಿ 01 ಇ’ ಫಾಂಟು ಹಚ್ಚಿದಳು. ಕನ್ನಡ ಮರಳಿತು. ಕಾರ್ಯದರ್ಶಿಗಳು ಉಸಿರುಬಿಟ್ಟರು. ಆದರೆ ಪಟ್ಟಿಯಲ್ಲಿ ಕೆಲವರ ಪತ್ತಾ ಇಂಗ್ಲಿಷಿನಲ್ಲಿ ಇತ್ತು. ಈಗ ಅವರ ಕಾಲೊನಿ, ಕ್ವಾರ್ಟರು ಎಲ್ಲ ನುಡಿಯ ವೇಷ ಹಾಕಿಕೊಂಡು ಯಾವ ಭಾಷೆಗೂ ಸೇರದ ಕನ್ನಡವಾಗಿ ಕೂತವು. ಕೊನೆಗೆ ಆದದ್ದು ಎರಡನೇ ಮದ್ದು. ಪರಿವರ್ತಕದಲ್ಲಿ ಹಾಕಿ ಇಡೀ ಪಟ್ಟಿಯನ್ನು ಯೂನಿಕೋಡಿಗೆ ತಿರುಗಿಸುವುದು. ಇಂಗ್ಲಿಷ್ ಸಾಲುಗಳನ್ನು ಮೊದಲೇ ಬೇರೆ ತೆಗೆದಿಟ್ಟಳು, ಇಲ್ಲದಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ನಂಬುತ್ತದೆ. ತಿರುಗಿ ಬಂದ ಪಟ್ಟಿಯಲ್ಲಿ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು. ಅವನ್ನು ಕಣ್ಣಿನಿಂದಲೇ ಹಿಡಿಯಬೇಕು. ನಮ್ಮ ಕಚೇರಿಗಳ ಹಾರ್ಡ್ ಡಿಸ್ಕುಗಳಲ್ಲಿ ಹೀಗೆ ಫಾಂಟಿನ ಕೈಯಲ್ಲಿ ಒತ್ತೆಬಿದ್ದ ಹೆಸರುಗಳು ಲಕ್ಷಗಟ್ಟಲೆ ಇರಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿ ಮೂರು ದಶಕ ದಾಟಿದರೂ ಇನ್ನೂ ಹಳೆಯ ಕಡತಕ್ಕೆ ಹೊಸ ಹೆಸರು ಹಳೆಯ ಫಾಂಟಿನಲ್ಲೇ ಸೇರಿಸುವ ಅಭ್ಯಾಸ ಬಿಟ್ಟಿಲ್ಲ ಎಂಬುದು ಸೋಮಾರಿತನ, ಬೇರೇನೂ ಅಲ್ಲ.

ಸಂಘದ ಪಟ್ಟಿಯಲ್ಲಿ ಇನ್ನೊಂದು ತಮಾಷೆ ಸಿಕ್ಕಿತು. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಗುಲಬರ್ಗಾದಿಂದ ಕಲಬುರಗಿ ಆಯಿತಲ್ಲ, ಯಾರೋ ಉತ್ಸಾಹಿ ಗುಮಾಸ್ತರು ‘ರಿಪ್ಲೇಸ್ ಆಲ್’ ಒತ್ತಿದ್ದರು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ನೌಕರಿ ಮಾಡುವ ಸದಸ್ಯರೊಬ್ಬರು ಪಟ್ಟಿಯಲ್ಲಿ ‘ಕಲಬುರಗಿ ವಿಶ್ವವಿದ್ಯಾಲಯ’ದಲ್ಲಿದ್ದಾರೆ. ವಿಶ್ವವಿದ್ಯಾಲಯ ಮಾತ್ರ ತನ್ನ ಹಳೆಯ ಹೆಸರಿನಲ್ಲೇ ಇದೆ.

ಇನ್ನು ಅಳತೆ. ವರ್ಡಿನ ಮೇಲಿಂಗ್ಸ್ ಪಟ್ಟಿಯಲ್ಲಿ ‘ಲೇಬಲ್ಸ್’ ತೆರೆದರೆ ಜಗತ್ತಿನ ಕಂಪನಿಗಳ ಹೆಸರೆಲ್ಲ ಬರುತ್ತದೆ. ನಮ್ಮ ಪೇಟೆಯಲ್ಲಿ ಸಿಗುವ ಹಾಳೆಯ ಹೆಸರು ಅದರಲ್ಲಿ ಸಿಗುವುದು ಅಪರೂಪ. ಎಷ್ಟೋ ಅಮೆರಿಕದ ಲೆಟರ್ ಅಳತೆಯವು. ಲೆಟರ್ ಹಾಳೆ 216ಕ್ಕೆ 279 ಮಿಲಿಮೀಟರ್, ಎ4 ಹಾಳೆ 210ಕ್ಕೆ 297. ಹತ್ತಿರದ್ದೆಂದು ಆರಿಸಿದವರು ಕೆಡುತ್ತಾರೆ. ಹುಡುಗಿ ‘ನ್ಯೂ ಲೇಬಲ್’ ಒತ್ತಿ, ಶಾಲೆಯ ಪ್ಲಾಸ್ಟಿಕ್ ಪಟ್ಟಿ ತೆಗೆದಳು. ಹಾಳೆಯ ಮೇಲಂಚಿನಿಂದ ಮೊದಲ ಮನೆಯತನಕ ಎಷ್ಟು, ಎಡ ಅಂಚಿನಿಂದ ಎಷ್ಟು, ಮನೆಯ ಅಗಲ, ಎತ್ತರ. ಆಮೇಲೆ ‘ಪಿಚ್’, ಅಂದರೆ ಒಂದು ಮನೆಯ ನೆತ್ತಿಯಿಂದ ಕೆಳಗಿನ ಮನೆಯ ನೆತ್ತಿಯ ದೂರ. ಎಂಟು ಮನೆ, 34ರಂತೆ 272. ಹಾಳೆ 297. ಉಳಿದ 25ನ್ನು ಮೇಲೆ ಕೆಳಗೆ ಸಮ ಹಂಚಿದರೆ ಹನ್ನೆರಡೂವರೆ. ಲೆಕ್ಕ ಪಟ್ಟಿಯ ಅಳತೆಗೆ ತಾಳೆಯಾಯಿತು. ಪಿಚ್ ಒಂದೇ ಮಿಲಿಮೀಟರ್ ತಪ್ಪಿ 33 ಎಂದು ಹಾಕಿದರೂ ಮೊದಲ ಸಾಲಿನಲ್ಲಿ ಏನೂ ತಿಳಿಯುವುದಿಲ್ಲ. ಎಂಟನೆಯ ಸಾಲಿಗೆ ಬರುವಷ್ಟರಲ್ಲಿ ಏಳು ಮಿಲಿಮೀಟರ್ ಮೇಲೆ ಸರಿದು, ಒಬ್ಬರ ಹೆಸರು ಇನ್ನೊಬ್ಬರ ಪಿನ್ನಿನ ಪಕ್ಕಕ್ಕೆ ಹೋಗಿ ಕೂರುತ್ತದೆ.

ಕನ್ನಡಕ್ಕೆ ಎತ್ತರದ ಚಿಂತೆ ಬೇರೆ. ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿನಲ್ಲಿ ಆರು ಸಾಲು ಕೂರುವ 34 ಮಿಲಿಮೀಟರಿನಲ್ಲಿ ಅದೇ ಗಾತ್ರದ ಕನ್ನಡಕ್ಕೆ ಐದೇ ಸಾಲು. ಹಾಗಾಗಿ ‘ಗೆ,’ ಎಂಬ ಒಂಟಿ ಸಾಲನ್ನು ತೆಗೆದುಹಾಕಿದಳು. ಕಾಕಾ ಒಪ್ಪಲಿಲ್ಲ. ‘ಗೆ’ ಇಲ್ಲದ ಪತ್ತಾ ಅವರಿಗೆ ಬಾಗಿಲಿಲ್ಲದ ಮನೆ. ಕೊನೆಗೆ ಹೆಸರಿನ ಮುಂದೆಯೇ ‘ಅವರಿಗೆ’ ಎಂದು ಸೇರಿಸಿ ಒಪ್ಪಂದವಾಯಿತು.

ಮೊದಲ ಮನೆಯಲ್ಲಿ ಫೀಲ್ಡುಗಳನ್ನು ಜೋಡಿಸಿ ‘ಅಪ್‌ಡೇಟ್ ಲೇಬಲ್ಸ್’ ಒತ್ತಿದಳು. ಉಳಿದ 23 ಮನೆಗೂ ಅದೇ ವಿನ್ಯಾಸ ಹರಡಿತು, ಒಂದೊಂದರ ತಲೆಯಲ್ಲಿ ‘ನೆಕ್ಸ್ಟ್ ರೆಕಾರ್ಡ್’ ಎಂಬ ಗುಪ್ತ ಸೂಚನೆ. ಅದೊಂದು ಇಲ್ಲದಿದ್ದರೆ ಇಡೀ ಹಾಳೆಯ 24 ಮನೆಯಲ್ಲೂ ದೊಡ್ಡ ಮಾವನವರೇ ವಾಸವಾಗುತ್ತಾರೆ. ಇದಕ್ಕೆ ಮೇಲ್ ಮರ್ಜ್ ಎಂಬ ಹೆಸರು ಬಂದದ್ದು ವರ್ಡ್‌ಸ್ಟಾರ್ ಕಾಲದಿಂದ. ಆಗ ಅದನ್ನು ಬೇರೆ ತಂತ್ರಾಂಶವಾಗಿ ಕೊಳ್ಳಬೇಕಾಗಿತ್ತು.

ಮೊದಲ ಮುದ್ರಣ ಸ್ಟಿಕರಿನ ಮೇಲಲ್ಲ, ಸಾದಾ ಹಾಳೆಯ ಮೇಲೆ. ಅದನ್ನು ಸ್ಟಿಕರ್ ಹಾಳೆಯ ಮೇಲಿಟ್ಟು ಬಾಗಿಲ ಬೆಳಕಿಗೆ ಹಿಡಿದಳು. ಅಕ್ಷರ ಕುಗ್ಗಿವೆ, ಹಾಳೆಯ ನಡುವಿಗೆ ಸರಿದಿವೆ. ಪ್ರಿಂಟರಿನ ಸೆಟ್ಟಿಂಗಿನಲ್ಲಿ ‘ಹಾಳೆಗೆ ಹೊಂದಿಸು’ ಎಂಬುದಕ್ಕೆ ಗುರುತು ಬಿದ್ದಿತ್ತು. ತೆಗೆದು ಮತ್ತೆ ಹೊಡೆದಳು. ಈಗ ಹೊಂದಿತು.

ಬೆಳಕಿಗೆ ಹಿಡಿದ ಆ ಹಾಳೆ ನೋಡುವಾಗ ನನಗೆ ಕನಗನಹಳ್ಳಿ ನೆನಪಾಯಿತು. ಚಿತ್ತಾಪುರ ತಾಲೂಕಿನ ಸನ್ನತಿಯ ಪಕ್ಕ, ಭೀಮಾ ದಂಡೆಯಲ್ಲಿ, ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದಾಗ ಸ್ತೂಪದ ಸುಣ್ಣಕಲ್ಲಿನ ಚಪ್ಪಡಿಗಳು ಎದ್ದುಬಂದವು. ಒಂದರ ಮೇಲೆ ರಾಜ, ರಾಣಿ, ಪರಿವಾರ. ಅಲ್ಲೇ ಬ್ರಾಹ್ಮಿಯಲ್ಲಿ ಎರಡು ಪದ: ‘ರಾಯೋ ಅಸೋಕೋ’. ಅಶೋಕನ ಮುಖ ಹೀಗಿತ್ತೆಂದು ಹೆಸರು ಹಚ್ಚಿ ತೋರಿಸಿದ ಶಿಲ್ಪ ಇದು. ಅಲ್ಲಿನ ಬೇರೆ ಚಪ್ಪಡಿಗಳಲ್ಲಿ ಸಾತವಾಹನ ದೊರೆಗಳಿಗೂ, ಜಾತಕ ಕತೆಗಳಿಗೂ ಇದೇ ಬಗೆಯ ಚಿಕ್ಕ ಬರಹಗಳಿವೆ, ಶಾಸನ ಓದುವವರು ಅವನ್ನು ಲೇಬಲ್ ಎಂದೇ ಕರೆಯುತ್ತಾರೆ. ಈ ಜಿಲ್ಲೆಯಲ್ಲಿ ನನಗೆ ತಿಳಿದ ಅತ್ಯಂತ ಹಳೆಯ ಲೇಬಲ್ ಕಲ್ಲಿನದು. ಊರಿಲ್ಲ, ತಾಲೂಕಿಲ್ಲ, ಪಿನ್ನಿಲ್ಲ. ಮಾರ್ಜಿನ್ ಮಾತ್ರ ಚೆನ್ನಾಗಿದೆ.

ನಿಜವಾದ ಮುದ್ರಣ ಶುರುವಾಯಿತು. ಕೈಯಿಂದ ಒಂದೊಂದೇ ಹಾಳೆ ಕೊಡುವುದು, ಐದಾದ ಮೇಲೆ ಪ್ರಿಂಟರಿಗೆ ಸ್ವಲ್ಪ ಬಿಡುವು. ಲೇಸರ್ ಪ್ರಿಂಟರಿನ ಹೊಟ್ಟೆಯಲ್ಲಿ ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಹಿಡಿಸುವ ಬಿಸಿ ರೋಲರ್ ಇದೆ. ಹೊರಗೆ 42 ಡಿಗ್ರಿ ಇರುವಾಗ ಸ್ಟಿಕರಿನ ಗೋಂದು ಮೊದಲೇ ಮೆತ್ತಗಾಗಿರುತ್ತದೆ. ಅದಕ್ಕೇ ಹುಡುಗಿಯ ಕಟ್ಟುನಿಟ್ಟು: ಅರ್ಧ ಬಳಸಿದ ಹಾಳೆಯನ್ನು ಮತ್ತೊಮ್ಮೆ ಹಾಕುವಂತಿಲ್ಲ. ನಾಲ್ಕು ಲೇಬಲ್ ಕಿತ್ತ ಹಾಳೆ ಒಳಗೆ ಹೋದರೆ ಐದನೆಯದರ ಅಂಚು ಎದ್ದು ರೋಲರಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಮೆಕ್ಯಾನಿಕ್ ಬರಬೇಕು, ಅವನು ಕಲಬುರಗಿಯಿಂದ ಬರಬೇಕು. ಕಾರ್ಯದರ್ಶಿಗಳು ತಮ್ಮ ಬಳಿ ಉಳಿದಿದ್ದ ಅರೆಖಾಲಿ ಹಾಳೆಯನ್ನು ಮೆಲ್ಲಗೆ ಮುಂದೆ ಚಾಚಿದರು. ಅವಳು ಅದನ್ನು ಮಡಚಿ ಅವರ ಕೈಗೇ ಇಟ್ಟಳು.

ಎರಡೂ ಪಟ್ಟಿಯ ಹಾಳೆಗಳು ಒಂದೇ ಕೌಂಟರಿನ ಮೇಲೆ ತಣ್ಣಗಾಗಲು ಹರಡಿದ್ದವು. ಕಾಕಾ ಬಗ್ಗಿ ತಮ್ಮವನ್ನು ಓದುತ್ತ ಓದುತ್ತ ಪಕ್ಕದ ಹಾಳೆಗೆ ಜಾರಿದರು. ಬೆರಳು ಒಂದು ಮನೆಯ ಮೇಲೆ ನಿಂತಿತು.

‘ಇವರು ನಮ್ಮವರಲ್ಲೇನ್ರಿ? ನಮ್ಮ ಹಾಳ್ಯಾಗೂ ಅದಾರ.’

ಕಾರ್ಯದರ್ಶಿ ಬಗ್ಗಿ ನೋಡಿ ಸುಮ್ಮನಾದರು. ಒಬ್ಬರೇ ಮನುಷ್ಯ, ಅಕ್ಷರ ಅಕ್ಷರಕ್ಕೂ ಅದೇ ಪತ್ತಾ. ಒಂದು ಲೇಬಲ್ ಲಗ್ನಕ್ಕೆ ಕರೆಯುತ್ತದೆ, ಇನ್ನೊಂದು ಸಾಲ ಕಟ್ಟಲು ಕರೆಯುತ್ತದೆ.

‘ಎಷ್ಟು ಬಾಕಿ ಅದ?’

‘ಅದೆಲ್ಲ ಹೇಳಾಂಗಿಲ್ರಿ.’

‘ಹೇಳಬ್ಯಾಡ್ರಿ. ಆದ್ರ ಎರಡೂ ಒಂದೇ ದಿನ ಮುಟ್ಟಬಾರದು ನೋಡ್ರಿ. ಲಗ್ನ ಆಗೋತನ ತಡೀರಿ ಸಾಹೇಬ್ರ, ಮನುಷ್ಯ ಊಟಕ್ಕರೆ ಬರ್ಲಿ.’

‘ನೋಟೀಸಿನ ಮ್ಯಾಲ ತಾರೀಖು ಬಿದ್ದದಲ್ರಿ’ ಎಂದರು ಕಾರ್ಯದರ್ಶಿ. ಹುಡುಗಿ ನಗು ತಡೆಯಲು ಪೇಪರ್ ಟ್ರೇಯೊಳಗೆ ತಲೆ ಹಾಕಿದಳು. ಕೊನೆಗೆ ಕಾಕಾ ತಾವೇ ದಾರಿ ಕಂಡುಕೊಂಡರು. ಆ ಲೇಬಲನ್ನು ಕಿತ್ತು ಒಂದು ಪತ್ರಿಕೆಗೆ ಅಲ್ಲಿಯೇ ಅಂಟಿಸಿ ಜೇಬಿಗೆ ಸೇರಿಸಿದರು. ಸಂಜೆಯ ಬಸ್ಸಿಗೆ ಹೋಗಿ ಖುದ್ದು ಕೊಟ್ಟು ಬರುತ್ತಾರಂತೆ, ಟಪಾಲಿಗಿಂತ ಮೊದಲೇ.

ಮಧ್ಯಾಹ್ನ ಇಬ್ಬರೂ ಅಂಚೆ ಕಚೇರಿಯಲ್ಲಿದ್ದರು. ಕಾಕಾನ ಲಕೋಟೆಗಳು ಸಾದಾ ಟಪಾಲು. ಸ್ಟಾಂಪು ಹಚ್ಚಲು ಕಟ್ಟೆಯ ಮೇಲೆ ಕೂತರು. ಕಾರ್ಯದರ್ಶಿ ಕೌಂಟರಿಗೆ ಹೋಗಿ ‘ರಜಿಸ್ಟರ್ ಮಾಡಬೇಕ್ರಿ’ ಎಂದರು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಲೀನವಾಗಿದೆ. ಕೌಂಟರಿನ ಗುಮಾಸ್ತರು ಅದನ್ನು ಹೇಳಿ, ಮೊದಲ ಲಕೋಟೆ ಎತ್ತಿಕೊಂಡರು. ಲೇಬಲನ್ನು ಮೆಚ್ಚಿ ಒಮ್ಮೆ ನೋಡಿದರು. ಆಮೇಲೆ ಪಿನ್ ಒತ್ತಿದರು, ಹೆಸರು ಒತ್ತಿದರು, ಊರು ಒತ್ತಿದರು, ಎಲ್ಲ ಮತ್ತೆ ಮೊದಲಿನಿಂದ. ಅವರ ಪುಟ್ಟ ಪ್ರಿಂಟರು ಕಿರ್ ಎಂದು ಬಾರ್‌ಕೋಡಿನ ಚೀಟಿಯೊಂದನ್ನು ಹೊರಗೆ ಬಿಟ್ಟಿತು. ಲಕೋಟೆಯಲ್ಲಿ ಖಾಲಿ ಜಾಗ ಹುಡುಕಿದರು. ಸಂಘದ ಮೊಹರು ಒಂದು ಕಡೆ, ಲೇಬಲ್ ಇನ್ನೊಂದು ಕಡೆ. ಲೇಬಲಿನ ಮೇಲಿನ ಅರ್ಧ ಮುಚ್ಚುವಂತೆ ಅಂಟಿಸಿದರು. ‘ಶ್ರೀ’ಯೂ ಹೆಸರೂ ಬಾರ್‌ಕೋಡಿನಡಿ ಹೋದವು, ತಾಲೂಕು ಮತ್ತು ಪಿನ್ ಉಳಿದವು.

ಎರಡನೆಯ ಲಕೋಟೆ ಎತ್ತುವ ಮೊದಲು ಗುಮಾಸ್ತರು ಕಟ್ಟಿನ ದಪ್ಪ ನೋಡಿ ಕೇಳಿದರು: ‘ಇಷ್ಟೆಲ್ಲ ಕಂಪ್ಯೂಟರಿನ್ಯಾಗೇ ಮಾಡೀರಿ ಅಂದ್ರ ಇದರ ಎಕ್ಸೆಲ್ ಶೀಟ್ ಇರಬೇಕಲ್ರಿ? ಅದನ್ನ ತಂದು ಕೊಟ್ಟಿದ್ರ ಒಂದೇ ಸಲಕ್ಕ ಬುಕ್ ಆಗ್ತಿತ್ತು.’

ಕಾರ್ಯದರ್ಶಿಗಳು ಪೆನ್ ಡ್ರೈವಿಗಾಗಿ ಜೇಬು ತಡವಿಕೊಂಡರು. ಅದು ಅಂಗಡಿಯ ಕಂಪ್ಯೂಟರಿನಲ್ಲೇ ಇತ್ತು.